ಬಟ್ಟೆಯ ಖರ್ಚಿಗೆ ತಿಂಗಳ ಬಜೆಟ್ ಏಕೆ ಒಗ್ಗುವುದಿಲ್ಲ? ವರ್ಷದ ಲೆಕ್ಕ ಇಡುವುದು ಹೇಗೆ?

ವರ್ಷ ಮುಗಿಯುವ ಹೊತ್ತಿಗೆ ಬ್ಯಾಂಕಿನ ಆ್ಯಪ್ ತಾನಾಗಿಯೇ ಒಂದು ಬಣ್ಣದ ಚಕ್ರ ಬಿಡಿಸಿ ತೋರಿಸುತ್ತದೆ. ಬಾಡಿಗೆಗೆ ಇಷ್ಟು, ದಿನಸಿಗೆ ಇಷ್ಟು, ಓಡಾಟಕ್ಕೆ ಇಷ್ಟು, ‘ಶಾಪಿಂಗ್’ಗೆ ಇಷ್ಟು. ಬಾಡಿಗೆಯ ಅಂಕಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ, ಅದು ಮೊದಲೇ ಗೊತ್ತಿದ್ದದ್ದು. ಶಾಪಿಂಗಿನ ಅಂಕಿ ಕಂಡಾಗ ಮಾತ್ರ ‘ಇಷ್ಟೊಂದು ಬಟ್ಟೆ ಯಾವಾಗ ಕೊಂಡೆ?’ ಎಂದು ಹಲವರು ಹುಬ್ಬೇರಿಸುತ್ತಾರೆ. ಮರುಕ್ಷಣವೇ ಬೀರು ತೆರೆದು ನೋಡಿದರೆ ಹಾಕಿಕೊಳ್ಳಲು ಏನೂ ಇಲ್ಲ ಎನ್ನಿಸುವುದೂ ಉಂಟು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳುವುದು ಸುಲಭ. ಬಟ್ಟೆಯ ವಿಷಯದಲ್ಲಿ ಹಾಸಿಗೆಯ ಉದ್ದವೂ ಗೊತ್ತಿರುವುದಿಲ್ಲ, ಕಾಲು ಎಲ್ಲಿಯವರೆಗೆ ಚಾಚಿದೆ ಎಂಬುದೂ ಗೊತ್ತಿರುವುದಿಲ್ಲ. ಎರಡನ್ನೂ ಅಳೆಯುವ ಬಗೆ ಇಲ್ಲಿದೆ. ಉದಾಹರಣೆಗಳಲ್ಲಿ ಬರುವ ಮೊತ್ತಗಳನ್ನು ನಿಮ್ಮ ಕೈಯಲ್ಲಿರುವ ಯಾವ ಹಣದಲ್ಲಿ ಬೇಕಾದರೂ ಓದಿಕೊಳ್ಳಬಹುದು.

ತಿಂಗಳ ಲೆಕ್ಕಕ್ಕೆ ಸಿಗದ ಖರ್ಚು

ಮನೆಯ ಖರ್ಚುಗಳಲ್ಲಿ ಎರಡು ಜಾತಿ. ಒಂದು, ತಿಂಗಳು ತಿಂಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬರುವಂಥದ್ದು. ಬಾಡಿಗೆ, ದಿನಸಿ, ವಿದ್ಯುತ್ ಬಿಲ್ಲು ಈ ಗುಂಪಿನವು. ಇನ್ನೊಂದು, ಹಲವು ತಿಂಗಳು ಸುದ್ದಿಯೇ ಇಲ್ಲದೆ ಇದ್ದು ಒಮ್ಮೆಲೇ ಬಂದು ಬೀಳುವಂಥದ್ದು. ವಿಮೆಯ ಕಂತು, ವಾಹನದ ದುರಸ್ತಿ, ಬಟ್ಟೆ ಈ ಗುಂಪಿಗೆ ಸೇರುತ್ತವೆ. ಹವೆ ಬದಲಾದಾಗ, ಹೊಸ ಕೆಲಸಕ್ಕೆ ಸೇರಿದಾಗ, ಹತ್ತಿರದವರ ಮದುವೆ ಬಂದಾಗ, ದೊಡ್ಡ ರಿಯಾಯಿತಿ ಮಾರಾಟ ನಡೆದಾಗ ಬಟ್ಟೆಯ ಖರ್ಚು ಗುಂಪುಗುಂಪಾಗಿ ಬರುತ್ತದೆ.

ತಿಂಗಳಿಗೆ ಇಂತಿಷ್ಟು ಎಂದು ಗೆರೆ ಎಳೆದರೆ ಏನಾಗುತ್ತದೆ? ಏನೂ ಕೊಳ್ಳದ ತಿಂಗಳಲ್ಲಿ ಆ ಹಣ ಬೇರೆಲ್ಲೋ ಕರಗಿಹೋಗುತ್ತದೆ. ಕೊಳ್ಳುವ ತಿಂಗಳಲ್ಲಿ ಗೆರೆ ದಾಟುತ್ತದೆ, ಆಗ ‘ಇದೊಂದು ತಿಂಗಳು ವಿಶೇಷ’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ವರ್ಷದಲ್ಲಿ ಅಂಥ ವಿಶೇಷ ತಿಂಗಳುಗಳು ನಾಲ್ಕೈದು ಇರುತ್ತವೆ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ‘ಮನಸ್ಸಿನ ಲೆಕ್ಕಪತ್ರ’ದ ಬಗ್ಗೆ ಬಹಳ ಬರೆದಿದ್ದಾರೆ. ಹಣವೆಲ್ಲ ಒಂದೇ ಆದರೂ ಜನರು ಅದನ್ನು ತಲೆಯೊಳಗೆ ಬೇರೆ ಬೇರೆ ಖಾತೆಗಳಲ್ಲಿ ಇಡುತ್ತಾರೆ ಎಂಬುದು ಅದರ ತಿರುಳು. ಪ್ರವಾಸದಲ್ಲಿ ಕೊಂಡ ಜಾಕೆಟ್ ‘ಪ್ರವಾಸ’ದ ಖಾತೆಗೆ, ಮದುವೆಗೆ ಹೊಲಿಸಿದ ಉಡುಪು ‘ಮದುವೆ’ಯ ಖಾತೆಗೆ, ವ್ಯಾಯಾಮಕ್ಕೆಂದು ಕೊಂಡ ಬೂಟು ‘ಆರೋಗ್ಯ’ದ ಖಾತೆಗೆ ಹೋಗುತ್ತದೆ. ಬಟ್ಟೆಯ ಖಾತೆಯಲ್ಲಿ ಉಳಿಯುವುದು ಎರಡು ಬನಿಯನ್ನು, ಒಂದು ಜೊತೆ ಕಾಲುಚೀಲ. ಸಹಜವಾಗಿಯೇ ಅದು ಸಣ್ಣದಾಗಿ ಕಾಣುತ್ತದೆ.

ಆ್ಯಪ್ ತೋರಿಸುವ ಅಂಕಿಯನ್ನು ನಂಬಬಹುದೇ?

ಪೂರ್ತಿ ನಂಬಲಾಗದು. ಕಾರಣ ಸರಳ: ನೀವು ಏನು ಕೊಂಡಿರಿ ಎಂಬುದು ಬ್ಯಾಂಕಿಗೆ ಗೊತ್ತಿಲ್ಲ, ಎಲ್ಲಿ ಕೊಂಡಿರಿ ಎಂಬುದಷ್ಟೇ ಗೊತ್ತು. ಕಾರ್ಡ್ ಪಾವತಿ ಸ್ವೀಕರಿಸುವ ಪ್ರತಿ ಅಂಗಡಿಗೂ ಅದರ ವ್ಯಾಪಾರದ ಬಗೆಯನ್ನು ಸೂಚಿಸುವ ನಾಲ್ಕಂಕಿಯ ಸಂಕೇತ ಇರುತ್ತದೆ. ಮನೆಮಂದಿಯ ಸಿದ್ಧ ಉಡುಪಿನ ಅಂಗಡಿಗೆ 5651, ಪಾದರಕ್ಷೆಯ ಅಂಗಡಿಗೆ 5661, ಹೊಲಿಗೆ ಮತ್ತು ರಿಪೇರಿ ಮಾಡುವ ದರ್ಜಿಗೆ 5697, ಎಲ್ಲವನ್ನೂ ಒಂದೇ ಸೂರಿನಡಿ ಮಾರುವ ಮಳಿಗೆಗೆ 5311. ಆ್ಯಪ್‌ಗಳು ಖರ್ಚನ್ನು ವಿಂಗಡಿಸುವಾಗ ಇಂಥ ಸಂಕೇತಗಳನ್ನು ನೆಚ್ಚಿಕೊಂಡಿರುತ್ತವೆ.

ಹಾಗಾಗಿ ದೊಡ್ಡ ಮಳಿಗೆಯಲ್ಲಿ ಒಂದೇ ಬಿಲ್ಲಿನಲ್ಲಿ ಕೊಂಡ ಪ್ಯಾಂಟು, ಬಾಣಲೆ, ಆಟಿಕೆ ಮೂರೂ ಒಂದೇ ಬಣ್ಣದ ಹೋಳಿನಲ್ಲಿ ಕುಳಿತುಬಿಡುತ್ತವೆ. ಆನ್‌ಲೈನ್ ತಾಣಗಳಲ್ಲಿ ಕೊಂಡದ್ದಕ್ಕೂ ಇದೇ ಗತಿ. ನಗದು ಕೊಟ್ಟು ಕೊಂಡದ್ದು ಆ ಚಕ್ರದಲ್ಲಿ ಇರುವುದೇ ಇಲ್ಲ. ಆ್ಯಪಿನ ಅಂಕಿ ನಿಜವಾದ ಬಟ್ಟೆ ಖರ್ಚಿಗಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ನೆನಪಿಗೆ ಬಾರದ ಖರೀದಿಗಳನ್ನು ಹುಡುಕಲು ಅದು ಉಪಯುಕ್ತ, ಅಷ್ಟೇ.

ಯಾವುದು ಬಟ್ಟೆ, ಯಾವುದಲ್ಲ?

ಲೆಕ್ಕ ಶುರುಮಾಡುವ ಮೊದಲು ಬೇಲಿ ಹಾಕಿಕೊಳ್ಳಬೇಕು. ಕೈಗಡಿಯಾರ ಬಟ್ಟೆಯೇ? ಕೈಚೀಲ? ಇಸ್ತ್ರಿಗೆ ಕೊಟ್ಟ ಹಣ? ದೇಶಗಳ ಅಂಕಿಅಂಶ ಇಲಾಖೆಗಳಿಗೂ ಇದೇ ತಲೆನೋವು. ಜನರ ಖರ್ಚನ್ನು ವಿಂಗಡಿಸಲು ವಿಶ್ವಸಂಸ್ಥೆ ರೂಪಿಸಿರುವ ‘ಕಾಯ್‌ಕಾಪ್’ ಎಂಬ ವರ್ಗೀಕರಣದಲ್ಲಿ ಮೂರನೆಯ ವಿಭಾಗ ಉಡುಪು ಮತ್ತು ಪಾದರಕ್ಷೆಗೆ ಮೀಸಲು. ಅದರ 1999ರ ಆವೃತ್ತಿಯಲ್ಲಿ ಸಿದ್ಧ ಉಡುಪಿನ ಜೊತೆಗೆ ಹೊಲಿಸಲು ಕೊಂಡ ಬಟ್ಟೆ, ಟೋಪಿ, ಬೆಲ್ಟು, ಡ್ರೈಕ್ಲೀನಿಂಗ್, ರಿಪೇರಿ, ಬಾಡಿಗೆಗೆ ತಂದ ಉಡುಪು ಎಲ್ಲವೂ ಇಲ್ಲಿಗೇ ಬರುತ್ತವೆ. ಬೈಕ್ ಸವಾರರ ಹೆಲ್ಮೆಟ್ ಕೂಡ ಇಲ್ಲಿಯೇ! ಆದರೆ ಒಡವೆ, ಕೈಗಡಿಯಾರ, ಕೈಚೀಲ ಬೇರೆ ವಿಭಾಗಕ್ಕೆ ಸೇರುತ್ತವೆ. ಬಟ್ಟೆ ಒಗೆಯುವ ಸೋಪು ಮನೆವಾರ್ತೆಯ ಖಾತೆಯಲ್ಲಿದೆ. ಆಟದ ಮೈದಾನದಲ್ಲಿ ಮಾತ್ರ ಹಾಕಬಹುದಾದ ಫುಟ್‌ಬಾಲ್ ಬೂಟು ಮನರಂಜನೆಗೆ ಹೋದರೆ, ಬೀದಿಯಲ್ಲೂ ಹಾಕಿಕೊಂಡು ಓಡಾಡಬಹುದಾದ ಕ್ರೀಡಾ ಶೂ ಪಾದರಕ್ಷೆಯ ಸಾಲಿಗೆ ಬರುತ್ತದೆ.

ನೀವು ಇದನ್ನೇ ಪಾಲಿಸಬೇಕೆಂದಿಲ್ಲ. ಕೈಚೀಲವನ್ನು ಒಳಗೆ ಸೇರಿಸಿಕೊಂಡರೂ ತೊಂದರೆ ಇಲ್ಲ. ವರ್ಷದ ನಡುವೆ ಬೇಲಿಯನ್ನು ಸರಿಸದಿದ್ದರೆ ಸಾಕು. ಮೊತ್ತ ಏರುತ್ತಿರುವುದು ಕಂಡಾಗ ‘ಇದು ಬಟ್ಟೆಯಲ್ಲ, ಆರೋಗ್ಯ’ ಎಂದು ಶೂಗಳನ್ನು ಬೇಲಿಯಾಚೆ ದಾಟಿಸುವ ಆಸೆ ಬಂದೇ ಬರುತ್ತದೆ.

ಒಂದು ನಮೂದು ಹೇಗಿರಬೇಕು?

ಪುಸ್ತಕವೋ, ಮೊಬೈಲಿನ ಟಿಪ್ಪಣಿಯೋ, ಎಕ್ಸೆಲ್ ಹಾಳೆಯೋ, ಸಾಧನ ಯಾವುದಾದರೂ ಆಗಬಹುದು. ಪ್ರತಿ ಉಡುಪಿಗೆ ಒಂದು ಸಾಲು. ತಾರೀಕು, ಏನು, ಎಷ್ಟು ಕೊಟ್ಟದ್ದು, ಏಕೆ ಕೊಂಡದ್ದು ಎಂಬ ನಾಲ್ಕು ಅಂಕಣ ಸಾಕು. ಬಿಲ್ಲಿಗೊಂದು ಸಾಲು ಬರೆದರೆ ಸಾಲದು. ‘ಅಂಗಡಿ, 4,200’ ಎಂಬ ಸಾಲು ಆರು ತಿಂಗಳ ನಂತರ ಏನನ್ನೂ ಹೇಳುವುದಿಲ್ಲ. ‘ನೀಲಿ ಹತ್ತಿ ಶರ್ಟು, 900, ಹಳೆಯದರ ಕಾಲರ್ ಹರಿದಿತ್ತು’ ಎಂಬುದು ಹೇಳುತ್ತದೆ.

ಗೊಂದಲ ಹುಟ್ಟುವ ಕೆಲವು ಜಾಗಗಳಿವೆ. ಕ್ರೆಡಿಟ್ ಕಾರ್ಡಿನಲ್ಲಿ ಅಥವಾ ಕಂತಿನಲ್ಲಿ ಕೊಂಡರೆ ಯಾವ ದಿನ ಬರೆಯಬೇಕು? ಕೊಂಡ ದಿನವೇ, ಪೂರ್ತಿ ಮೊತ್ತವನ್ನು. ಲೆಕ್ಕಪತ್ರದಲ್ಲಿ ಎರಡು ಪದ್ಧತಿಗಳಿವೆ: ಹಣ ಕೈಬಿಟ್ಟಾಗ ಬರೆಯುವುದು ಒಂದು, ಹೊಣೆ ಹುಟ್ಟಿದಾಗ ಬರೆಯುವುದು ಇನ್ನೊಂದು. ಬಟ್ಟೆಗೆ ಎರಡನೆಯದು ಸರಿ. ಏಕೆಂದರೆ ತೀರ್ಮಾನ ಆದದ್ದು ಆ ದಿನ. 3,000ದ ಕೋಟನ್ನು 500ರ ಆರು ಕಂತುಗಳಾಗಿ ಬರೆದುಕೊಂಡರೆ ಅದು ಆರು ಸಣ್ಣ ಖರ್ಚುಗಳ ವೇಷ ತೊಡುತ್ತದೆ.

ಹಿಂದಿರುಗಿಸಿದ ಬಟ್ಟೆಯ ಸಾಲನ್ನು ಅಳಿಸಬೇಡಿ, ಕೆಳಗೆ ಋಣ ಚಿಹ್ನೆಯೊಂದಿಗೆ ಇನ್ನೊಂದು ಸಾಲು ಬರೆಯಿರಿ. ಎಷ್ಟು ಬಾರಿ ತರಿಸಿ ವಾಪಸು ಕಳಿಸುತ್ತೀರಿ ಎಂಬುದೂ ತಿಳಿಯಬೇಕಾದ ಸಂಗತಿಯೇ. ಹೊಲಿಗೆ ಕೂಲಿ ಆಯಾ ಉಡುಪಿನ ಬೆಲೆಗೆ ಸೇರುತ್ತದೆ. ಉಡುಗೊರೆಯಾಗಿ ಬಂದದ್ದಕ್ಕೆ ಸೊನ್ನೆ ಬರೆದು ಸಾಲನ್ನು ಮಾತ್ರ ಸೇರಿಸಿ. ಹಣ ನಿಮ್ಮದಲ್ಲದಿದ್ದರೂ ಬೀರುವಿನ ಜಾಗ ನಿಮ್ಮದೇ. ಇನ್ನು ರಿಯಾಯಿತಿ: ‘ಉಳಿತಾಯ’ ಎಂಬ ಅಂಕಣವೇ ಬೇಡ. 2,000ದ ಬಟ್ಟೆಯನ್ನು 1,200ಕ್ಕೆ ಕೊಂಡವರ ಕೈಯಿಂದ ಹೋದದ್ದು 1,200. ಉಳಿದ 800 ಅಂಗಡಿಯ ಚೀಟಿಯ ಮೇಲೆ ಮಾತ್ರ ಇತ್ತು.

‘ಏಕೆ’ ಎಂಬ ನಾಲ್ಕನೆಯ ಅಂಕಣ ಚಿಕ್ಕದು, ಆದರೆ ಹೆಚ್ಚು ಕೆಲಸ ಮಾಡುವುದು ಅದೇ. ‘ಹೊಸ ಜಾಕೆಟ್ಟಿಗೆ ಒಪ್ಪುವ ಪ್ಯಾಂಟು ಇರಲಿಲ್ಲ’, ‘ಆ ಪ್ಯಾಂಟಿಗೆ ಹಳೆಯ ಶೂ ಹೊಂದಲಿಲ್ಲ’ ಎಂಬಂಥ ಸಾಲುಗಳು ಒಂದರ ಹಿಂದೊಂದು ಬಂದರೆ, ಮೂರು ಖರೀದಿಗಳ ಹಿಂದೆ ಇರುವುದು ಒಂದೇ ತೀರ್ಮಾನ ಎಂದು ಗೊತ್ತಾಗುತ್ತದೆ. ಫ್ರೆಂಚ್ ಲೇಖಕ ಡೆನಿ ಡಿಡೆರೊ 1769ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇಂಥದ್ದೇ ಪಾಡನ್ನು ತೋಡಿಕೊಂಡಿದ್ದಾರೆ. ಸೊಗಸಾದ ಹೊಸ ನಿಲುವಂಗಿ ಬಂದ ಮೇಲೆ ಕೋಣೆಯ ಉಳಿದ ವಸ್ತುಗಳೆಲ್ಲ ಅದರ ಮುಂದೆ ಕಳಾಹೀನವಾಗಿ ಕಂಡು, ಒಂದೊಂದಾಗಿ ಬದಲಾದವಂತೆ. 1988ರಲ್ಲಿ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್ರಾಕೆನ್ ಇದಕ್ಕೆ ‘ಡಿಡೆರೊ ಪರಿಣಾಮ’ ಎಂದು ಹೆಸರಿಟ್ಟರು.

ಹಣಕ್ಕಿಂತ ಮೊದಲು ದಿನಗಳ ಲೆಕ್ಕ

ಹಣವನ್ನು ಹೆಚ್ಚು ದುಡಿಯಬಹುದು, ಸಾಲ ತರಬಹುದು. ವರ್ಷದ ದಿನಗಳು ಮಾತ್ರ 365. ಬಟ್ಟೆಯ ಲೆಕ್ಕದಲ್ಲಿ ಬಹುತೇಕರು ಗಮನಿಸದ ಅಂಶ ಇದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಹೊರಗೆ ಹೋಗುವಾಗ ಹಾಕುವ ಶರ್ಟು, ಟಾಪುಗಳನ್ನಷ್ಟೇ ತೆಗೆದುಕೊಳ್ಳಿ. ದಿನಕ್ಕೆ ಒಂದರಂತೆ ವರ್ಷಕ್ಕೆ 365 ಸಲ ಅವನ್ನು ತೊಡಬಹುದು. ನೀವು ವರ್ಷಕ್ಕೆ ಎಂಟು ಶರ್ಟು ಕೊಳ್ಳುತ್ತೀರಿ, ಪ್ರತಿಯೊಂದೂ ಬೀರುವಿನಲ್ಲಿ ಸರಾಸರಿ ಐದು ವರ್ಷ ಇರುತ್ತದೆ ಎಂದುಕೊಳ್ಳೋಣ. ಬೀರುವಿನಲ್ಲಿ ಒಟ್ಟು ಎಷ್ಟು ಶರ್ಟು ಇರುತ್ತವೆ? ಎಂಟನ್ನು ಐದರಿಂದ ಗುಣಿಸಿ: 40. ಒಳಗೆ ಬರುವ ವೇಗವನ್ನು ಒಳಗೆ ಉಳಿಯುವ ಕಾಲದಿಂದ ಗುಣಿಸಿದರೆ ಒಳಗಿರುವ ಸಂಖ್ಯೆ ಸಿಗುತ್ತದೆ ಎಂಬ ಈ ನಿಯಮಕ್ಕೆ ಗಣಿತದ ಪುರಾವೆಯನ್ನು 1961ರಲ್ಲಿ ಕೊಟ್ಟವರು ಜಾನ್ ಲಿಟಲ್. ಸರದಿಯ ಸಾಲು, ಕಾರ್ಖಾನೆ, ಗೋದಾಮುಗಳ ಲೆಕ್ಕದಲ್ಲಿ ಇದು ದಿನನಿತ್ಯ ಬಳಕೆಯಲ್ಲಿದೆ. ಬೀರುವೂ ಒಂದು ಸಣ್ಣ ಗೋದಾಮೇ ಅಲ್ಲವೇ?

40 ಶರ್ಟುಗಳು 365 ದಿನಗಳನ್ನು ಹಂಚಿಕೊಂಡರೆ ಒಂದೊಂದರ ಪಾಲಿಗೆ ವರ್ಷಕ್ಕೆ ಸುಮಾರು ಒಂಬತ್ತು ದಿನ. ಐದು ವರ್ಷದಲ್ಲಿ ಸುಮಾರು 45 ಸಲ. ಈಗ ಖರೀದಿಯನ್ನು ವರ್ಷಕ್ಕೆ ಹದಿನಾರಕ್ಕೆ ಏರಿಸಿ ನೋಡಿ. ಬೀರುವಿನಲ್ಲಿ 80 ಶರ್ಟು. ಒಂದೊಂದಕ್ಕೆ ವರ್ಷಕ್ಕೆ ನಾಲ್ಕೂವರೆ ದಿನ, ಐದು ವರ್ಷದಲ್ಲಿ ಸುಮಾರು 23 ಸಲ. ‘ಎಸೆಯದೆ ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ’ ಎಂದರೆ? ಆಗ ಬೀರುವಿನಲ್ಲಿ 160 ಆಗುತ್ತವೆ, ವರ್ಷದ ಪಾಲು ಇನ್ನೂ ಅರ್ಧವಾಗುತ್ತದೆ, ಒಟ್ಟು ಮತ್ತೆ ಅದೇ 23. ಎಷ್ಟು ವರ್ಷ ಇಟ್ಟುಕೊಂಡರೂ ಉತ್ತರ ಬದಲಾಗದು. ಖರೀದಿಯ ವೇಗ ಒಂದೇ ಸಮನೆ ಇರುವವರೆಗೆ, ಒಂದು ಶರ್ಟು ತನ್ನ ಆಯುಷ್ಯದಲ್ಲಿ ಸರಾಸರಿ ಎಷ್ಟು ಸಲ ಮೈಮೇಲೆ ಬರುತ್ತದೆ ಎಂಬುದನ್ನು ವರ್ಷಕ್ಕೆ ಎಷ್ಟು ಕೊಳ್ಳುತ್ತೀರಿ ಎಂಬ ಸಂಖ್ಯೆಯೊಂದೇ ತೀರ್ಮಾನಿಸುತ್ತದೆ. 365ನ್ನು ಅದರಿಂದ ಭಾಗಿಸಿದರಾಯಿತು.

ದಿನಕ್ಕೆ ಎರಡು ಸಲ ಉಡುಪು ಬದಲಿಸುವವರಿಗೆ, ಸಮವಸ್ತ್ರ ತೊಡುವವರಿಗೆ 365ರ ಜಾಗದಲ್ಲಿ ಬೇರೆ ಸಂಖ್ಯೆ ಬರುತ್ತದೆ. ವಾರಕ್ಕೆ ಆರು ದಿನ ಸಮವಸ್ತ್ರದಲ್ಲಿರುವವರಿಗೆ ಸ್ವಂತ ಬಟ್ಟೆಗೆ ಸಿಗುವುದು ವರ್ಷಕ್ಕೆ ಐವತ್ತು ಚಿಲ್ಲರೆ ಪೂರ್ತಿ ದಿನಗಳು ಮಾತ್ರ. ಅವರ ಬೀರುವಿನಲ್ಲಿ ಬಟ್ಟೆಗಳು ಹರಿಯದೆ ಹಾಗೇ ಉಳಿಯುವುದರಲ್ಲಿ ಆಶ್ಚರ್ಯವೇನಿಲ್ಲ.

‘ಒಂದು ತೊಡುವಿಕೆಗೆ ಎಷ್ಟು’ ಎಂಬ ಪ್ರಸಿದ್ಧ ಸೂತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೆಲೆಯನ್ನು ತೊಟ್ಟ ಸಲಗಳಿಂದ ಭಾಗಿಸುವುದು ಆ ಸೂತ್ರ. 600ರ ಶರ್ಟು ಹನ್ನೆರಡು ಸಲಕ್ಕೆ ಬಣ್ಣಗೆಟ್ಟರೆ ಸಲಕ್ಕೆ 50 ಬಿತ್ತು. 2,400ರದ್ದು 120 ಸಲ ಬಾಳಿಕೆ ಬಂದರೆ ಸಲಕ್ಕೆ 20. ದುಬಾರಿಯದೇ ಅಗ್ಗ ಎಂದು ಇಲ್ಲಿಗೆ ವಾದ ಮುಗಿಯುತ್ತದೆ, ಮಾರುವವರಿಗೂ ಈ ವಾದ ಬಲು ಇಷ್ಟ. ಆದರೆ ಆ 120 ದಿನಗಳು ಎಲ್ಲಿಂದ ಬಂದವು? ಬೀರುವಿನಲ್ಲಿರುವ ಉಳಿದ ಬಟ್ಟೆಗಳ ಪಾಲಿನಿಂದ. ಹೊಸದು ಚೆನ್ನಾಗಿ ಬಳಕೆಯಾದಷ್ಟೂ ಹಳೆಯವು ಮೂಲೆ ಸೇರುತ್ತವೆ, ಅವುಗಳ ತೊಡುವಿಕೆಯ ಬೆಲೆ ಏರುತ್ತದೆ. ಅಂಗಡಿಯಲ್ಲಿ ನಿಂತು ಮಾಡುವ ಭಾಗಾಕಾರದಲ್ಲಿ ಛೇದ ಬರೀ ಊಹೆ ಎಂಬುದು ಇನ್ನೊಂದು ತೊಡಕು. ‘ವಾರಕ್ಕೊಮ್ಮೆ ಹಾಕುತ್ತೇನೆ’ ಎಂಬ ಮಾತು ಬಾಯಿಗೆ ಸುಲಭವಾಗಿ ಬರುತ್ತದೆ.

ಹೆಚ್ಚು ನಂಬಬಹುದಾದ ಅಂಕಿ ಇದಕ್ಕಿಂತ ಸರಳ. ವರ್ಷದ ಒಟ್ಟು ಬಟ್ಟೆ ಖರ್ಚನ್ನು 365ರಿಂದ ಭಾಗಿಸಿ. 29,200 ಖರ್ಚಾಗಿದ್ದರೆ ದಿನಕ್ಕೆ 80. ನಿಮ್ಮ ಮೈ ಮುಚ್ಚಲು ಒಂದು ದಿನಕ್ಕೆ ತಗಲುವ ವೆಚ್ಚ ಅದು. ಇದರಲ್ಲಿ ಊಹೆ ಇಲ್ಲ, ಒಂದನ್ನು ಅಗ್ಗ ತೋರಿಸಿ ಇನ್ನೊಂದನ್ನು ಮರೆಮಾಚುವ ಆಟವೂ ಇಲ್ಲ.

ಬಜೆಟ್ಟಿನ ಮೊತ್ತ ಎಲ್ಲಿಂದ ಬರಬೇಕು?

ಆದಾಯದ ಶೇಕಡಾ ಇಷ್ಟು ಎಂಬ ಸಿದ್ಧ ಸೂತ್ರಗಳು ಅಂತರ್ಜಾಲದಲ್ಲಿ ಓಡಾಡುತ್ತಿರುತ್ತವೆ. ಅವುಗಳಿಗೆ ನಿಮ್ಮ ಬೀರು ಗೊತ್ತಿಲ್ಲ. ಬೆಳೆಯುವ ಮಕ್ಕಳಿರುವ ಮನೆಗೂ ಒಬ್ಬರೇ ಮನೆಯಿಂದ ಕೆಲಸ ಮಾಡುವವರಿಗೂ ಒಂದೇ ಶೇಕಡಾವಾರು ಹೊಂದುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಂಡು ಬರುವುದು ಮೇಲು.

ಮೊದಲಿಗೆ ಸವೆತ. ಆರು ಪ್ಯಾಂಟುಗಳಿವೆ, ಒಂದೊಂದೂ ಮೂರು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ ಎರಡು ಪ್ಯಾಂಟು ಬದಲಿಸಬೇಕಾಗುತ್ತದೆ. ಇದೇ ರೀತಿ ಒಳ ಉಡುಪು, ಶೂ, ಶರ್ಟು ಎಂದು ಲೆಕ್ಕ ಹಾಕಿ. ಬೆಲೆಗೆ ಸರಾಸರಿಯ ಬದಲು ನಡುವಣ ಬೆಲೆಯನ್ನು ಹಿಡಿಯುವುದು ಒಳಿತು. ಹಿಂದೆ ಕೊಂಡ ಐದು ಪ್ಯಾಂಟುಗಳ ಬೆಲೆ 800, 900, 1,000, 1,100, 5,200 ಎಂದಿದ್ದರೆ ಸರಾಸರಿ 1,800 ಬರುತ್ತದೆ. ಸಾಲಾಗಿ ಬರೆದಾಗ ಮಧ್ಯದಲ್ಲಿ ನಿಲ್ಲುವುದು 1,000. ಮದುವೆಗೆಂದು ಕೊಂಡ ಆ ಕೊನೆಯದೊಂದು ಸರಾಸರಿಯನ್ನು ಮೇಲಕ್ಕೆ ಎಳೆದುಬಿಟ್ಟಿದೆ, ನಡುವಣ ಬೆಲೆಯನ್ನು ಅಲುಗಿಸಲು ಅದರಿಂದ ಆಗಿಲ್ಲ.

ಅದರ ಮೇಲೆ, ಮುಂದಿನ ವರ್ಷ ಖಚಿತವಾಗಿ ಬರಲಿರುವ ಸಂದರ್ಭಗಳು: ಒಂದು ಸಮಾರಂಭ, ಚಳಿಯ ಊರಿಗೆ ವರ್ಗಾವಣೆ, ಹೆರಿಗೆ. ಇಸ್ತ್ರಿ, ಡ್ರೈಕ್ಲೀನಿಂಗ್, ರಿಪೇರಿಯ ಹಣವನ್ನು ಹಿಂದಿನ ವರ್ಷದಷ್ಟೇ ಇಟ್ಟುಕೊಳ್ಳಬಹುದು. ಕೊನೆಗೆ, ಆಸೆಗೆಂದು ಒಂದು ಮೊತ್ತ. ಇದನ್ನು ಸೊನ್ನೆ ಮಾಡುವ ಹುಮ್ಮಸ್ಸು ಹಲವರಿಗೆ ಇರುತ್ತದೆ. ಸೊನ್ನೆ ಮಾಡಿದರೆ ಆಸೆ ಹೋಗುವುದಿಲ್ಲ, ‘ಏಕೆ’ ಅಂಕಣದಲ್ಲಿ ‘ಅಗತ್ಯ’ ಎಂಬ ಹೆಸರಿನಲ್ಲಿ ಬರುತ್ತದೆ.

ಹಿಂದಿನ ವರ್ಷದ ದಾಖಲೆಯೇ ಇಲ್ಲದವರು ಮೊದಲ ವರ್ಷ ಬಜೆಟ್ ಹಾಕದೆ ಬರೆದುಕೊಳ್ಳುವುದಷ್ಟನ್ನೇ ಮಾಡಬಹುದು. ಬೀರುವಿನಲ್ಲಿ ಈಗ ಏನೇನಿದೆ ಎಂದು ಒಮ್ಮೆ ಎಣಿಸಿಡುವುದು ಮಾತ್ರ ತಪ್ಪಬಾರದು.

ಹಣ ತೆಗೆದಿಡುವುದು ಮತ್ತು ಚಲಿಸುವ ಮೊತ್ತ

ವರ್ಷಕ್ಕೆ 24,000 ಎಂದು ತೀರ್ಮಾನವಾಯಿತೆನ್ನಿ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 2,000ವನ್ನು ಬೇರೆ ಖಾತೆಗೆ ಹಾಕುತ್ತಾ ಹೋಗಬೇಕು. ಕೊಳ್ಳದ ತಿಂಗಳಲ್ಲಿ ಅದು ಅಲ್ಲಿಯೇ ಬೆಳೆಯುತ್ತದೆ. ಇಲ್ಲಿ ಒಂದು ಸಣ್ಣ ತೊಂದರೆ ಇದೆ. ಮೂರನೆಯ ತಿಂಗಳಲ್ಲಿಯೇ 9,000ದ ಖರೀದಿ ಎದುರಾದರೆ ಖಾತೆಯಲ್ಲಿರುವುದು 6,000. ವರ್ಷದ ಮೊತ್ತ ಸರಿಯಾಗಿಯೇ ಇದೆ, ಹೊತ್ತು ಸರಿಯಾಗಿಲ್ಲ. ಹಾಗಾಗಿ ನಿಮ್ಮ ದೊಡ್ಡ ಖರೀದಿಗಳು ಯಾವ ತಿಂಗಳಲ್ಲಿ ಬರುತ್ತವೆ ಎಂದು ನೋಡಿಕೊಂಡು, ಅದು ಮುಗಿದ ಮರುತಿಂಗಳಿನಿಂದ ನಿಮ್ಮ ‘ವರ್ಷ’ವನ್ನು ಆರಂಭಿಸುವುದು ಜಾಣತನ. ವರ್ಷ ಜನವರಿಯಲ್ಲಿಯೇ ಶುರುವಾಗಬೇಕೆಂಬ ಕಟ್ಟಳೆ ಬಟ್ಟೆಗಿಲ್ಲ.

ವರ್ಷ ಮುಗಿಯುವವರೆಗೆ ಕಾಯದೆ ದಾರಿ ತಪ್ಪುತ್ತಿದೆಯೇ ಎಂದು ತಿಳಿಯಲು ‘ಹಿಂದಿನ ಹನ್ನೆರಡು ತಿಂಗಳ ಮೊತ್ತ’ ಎಂಬ ಅಳತೆ ನೆರವಾಗುತ್ತದೆ. ಪ್ರತಿ ತಿಂಗಳ ಕೊನೆಗೆ ಈ ತಿಂಗಳ ಖರ್ಚನ್ನು ಕೂಡಿಸಿ, ಕಳೆದ ವರ್ಷದ ಇದೇ ತಿಂಗಳ ಖರ್ಚನ್ನು ಕಳೆಯಬೇಕು. ಮೊತ್ತ 24,000 ಇತ್ತು, ಈ ತಿಂಗಳು 3,500 ಖರ್ಚಾಯಿತು, ಕಳೆದ ವರ್ಷ ಇದೇ ತಿಂಗಳು 1,200 ಆಗಿತ್ತು ಎಂದರೆ ಹೊಸ ಮೊತ್ತ 26,300. ಅದರಲ್ಲಿ ಎಂದೂ ಪೂರ್ತಿ ಒಂದು ವರ್ಷದ ಋತುಗಳಿರುವುದರಿಂದ ‘ಇದು ವಿಶೇಷ ತಿಂಗಳು’ ಎಂಬ ಸಮಜಾಯಿಷಿಗೆ ಜಾಗವಿರುವುದಿಲ್ಲ. ಒಂದು ತಿಂಗಳು ಏರಿದರೆ ಚಿಂತೆ ಬೇಡ. ಮೂರು ನಾಲ್ಕು ತಿಂಗಳು ಬಿಡದೆ ಏರುತ್ತಿದ್ದರೆ ಬೆಲೆ ಏರಿದೆಯೇ, ಸಂಖ್ಯೆ ಏರಿದೆಯೇ ಎಂದು ಸಾಲುಗಳನ್ನು ತೆರೆದು ನೋಡಬೇಕು. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲ ವರ್ಷ ಕಳೆದ ಮೇಲೆ ಐದನೆಯ ಅಂಕಣವೊಂದನ್ನು ಸೇರಿಸಬಹುದು: ಉಡುಪು ಬೀರುವಿನಿಂದ ಹೊರಹೋದ ತಾರೀಕು ಮತ್ತು ಅದರ ಕಾರಣ. ಹರಿದುಹೋಯಿತು, ಅಳತೆ ಸಾಲದಾಯಿತು, ಯಾರಿಗೋ ಕೊಟ್ಟದ್ದಾಯಿತು, ಒಮ್ಮೆಯೂ ಹಾಕಲಿಲ್ಲ. ಮೇಲೆ ಹೇಳಿದ ಸವೆತದ ಲೆಕ್ಕದಲ್ಲಿ ‘ಮೂರು ವರ್ಷ ಬಾಳುತ್ತದೆ’ ಎಂಬುದು ಅಂದಾಜಾಗಿತ್ತು. ಈ ಅಂಕಣ ತುಂಬುತ್ತಾ ಬಂದಂತೆ ಅಂದಾಜಿನ ಜಾಗದಲ್ಲಿ ನಿಮ್ಮದೇ ಬಟ್ಟೆಗಳ ನಿಜವಾದ ಆಯುಷ್ಯ ಬಂದು ಕೂರುತ್ತದೆ, ಮುಂದಿನ ವರ್ಷದ ಮೊತ್ತವನ್ನು ಅದರ ಮೇಲೆ ಕಟ್ಟಬಹುದು.